ಕೌದಿಯ ಹೊಟ್ಟೆ

ಕೌದಿಯ ಕೊನೆಯ ಮೂಲೆಗೆ ಬಂದು ಮಹಾದೇವಮ್ಮನ ಸೂಜಿ ನಿಂತಿತು. ಕಾಗಿಣಾ ಹೊಳೆ ಮನೆ ಕೊಚ್ಚಿಕೊಂಡು ಹೋದ ಮೇಲೆ, ಸೇಡಂನ ಈ ತಗಡಿನ ಶೆಡ್ಡಿನಲ್ಲಿ ಅವಳು ಎರಡು ತಿಂಗಳು ಮಲಗಿದ್ದೇ ಹೆಚ್ಚು. ಅಕ್ಕಪಕ್ಕದ ಶೆಡ್ಡಿನವರು ಒಲೆ ಹೂಡಿಕೊಂಡರೂ ಅವಳು ಹೂಡಲಿಲ್ಲ, ಊಟ ಗಂಜಿಕೇಂದ್ರದ್ದು. ಹೆಂಗಸರ ಮನಸ್ಸು ಹಗುರಾಗಲೆಂದು ಪ್ರಮಿತಾ ಟೀಚರು ಹಳೇ ಸೀರೆಗಳನ್ನು ತಂದುಕೊಟ್ಟಾಗ, ಬೇಡವೆನ್ನುವಷ್ಟೂ ತ್ರಾಣವಿಲ್ಲದೆ ಅವನ್ನು ಪದರಪದರವಾಗಿ ಜೋಡಿಸಿ ಹೊದೆಯುವ ಕೌದಿ ಹೊಲಿಯತೊಡಗಿದ್ದಳು.

"ಯಾಕ್ ನಿಲ್ಲಿಸಿದ್ರಿ, ಯವ್ವಾ?" ಟೀಚರು ಕೇಳಿದರು.

"ಖಾಲಿ ಹೊಟ್ಟೀಲೆ ಕೌದಿ ಮುಚ್ಚಬಾರದ್ರಿ. ಮೂಲ್ಯಾಗ ರೊಟ್ಟಿ ತುಣುಕು ಇಟ್ಟು ಹೊಲೀತೀವಿ."

ಟೀಚರು ಗಂಜಿಕೇಂದ್ರಕ್ಕೆ ಹೋಗಿ ರೊಟ್ಟಿ ತಂದರು. ಮಹಾದೇವಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಳು. ತಾನು ಎರಡು ತಿಂಗಳು ಅದನ್ನೇ ತಿಂದಿದ್ದಳು. ಕೌದಿಗೆ ತಿನ್ನಿಸಲು ಮಾತ್ರ ಕೈ ಬರಲಿಲ್ಲ.

"ಇದು ನಡಿಯಂಗಿಲ್ರಿ," ಎಂದು ರೊಟ್ಟಿಯನ್ನು ಹಿಂದಕ್ಕೆ ಕೊಟ್ಟಳು. "ನಮ್ಮ ಒಲಿ ಮ್ಯಾಲಿಂದೇ ಆಗ್ಬೇಕು."

ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ಮೊಣಕಾಲಿಗೆ ಕೈಯೂರಿ ಎದ್ದಳು. ಶೆಡ್ಡಿನ ಹಿಂದೆ ಬಿದ್ದಿದ್ದ ಕಲ್ಲುಗಳಲ್ಲಿ ಸಮನಾದ ಮೂರನ್ನು ಆರಿಸತೊಡಗಿದಳು.