ನುಂಗದ ಮಾತ್ರೆಗಳು

“ಕೈ ಬಿಚ್ಚಿ.”

ಅವನು ಎಡಗೈ ಬಿಚ್ಚಿ ತೋರಿಸಿದ.

“ಇನ್ನೊಂದು.”

“ನೀನು ಜೈಲಿನಲ್ಲಿ ಕೆಲಸಕ್ಕೆ ಸೇರಬೇಕಿತ್ತು ಕಣೇ.”

ಬಲ ಅಂಗೈಯಲ್ಲಿ ಮಾತ್ರೆ ಹಾಗೇ ಇತ್ತು. ಬರೀ ನೀರು ಕುಡಿದು ಗುಟುಕರಿಸಿದ್ದ. ಅವಳ ಎಡಗಣ್ಣಿಗೆ ಪೊರೆ ಬಂದಿರುವುದು ಅವನಿಗೆ ಗೊತ್ತು. ಅದಕ್ಕೇ ಆ ಪಕ್ಕದ ಕೈಯಲ್ಲೇ ಬಚ್ಚಿಡುತ್ತಿದ್ದ.

“ಬದುಕೋ ಆಸೆ ಇಲ್ವೇನ್ರೀ ನಿಮಗೆ?”

“ಇದೊಂದರ ಬೆಲೆಗೆ ನೀನು ನಾಲ್ಕು ಅಂಗಿ ಹೊಲೀಬೇಕು. ದಿನ ಬಿಟ್ಟು ದಿನ ತಗೊಂಡ್ರೆ ಆಕಾಶ ಕಳಚಿ ಬೀಳುತ್ತಾ?”

“ಅಂಗಿ ನಾನು ಹೊಲ್ಕೋತೀನಿ. ನೀವು ನುಂಗಿ.”

ನುಂಗಿದ. ಅವಳು ಬಾಯಿ ತೆರೆಸಿ ನೋಡಿದಳು. ಆಮೇಲೆ ಸೀಸೆಯ ಮುಚ್ಚಳ ತಿರುಗಿಸಿ ಹಾಕಿದಳು.

ಮೂವತ್ತು ವರ್ಷ ಕಾರ್ಖಾನೆಯ ಉಗ್ರಾಣ ನೋಡಿಕೊಂಡವನು ಅವನು. ಒಂದು ಮೊಳೆ ಪೋಲಾಗಲು ಬಿಟ್ಟವನಲ್ಲ. ಉಳಿದ ಮಾಲು ವಾಪಸ್ ಹೋಗಬೇಕು, ಅಷ್ಟೇ.

ವಾರ ಕಳೆಯುವಷ್ಟರಲ್ಲಿ ಬಚ್ಚಲಿಗೆ ಹೋಗಲೂ ಅವಳ ಹೆಗಲು ಬೇಕಾಯಿತು. ಅವಳು ದಿನವೂ ದ್ರಾಕ್ಷಿ ತಂದು, ಸಿಪ್ಪೆ ಸುಲಿದು ಬಾಯಿಗಿಟ್ಟಳು.

“ಏನೇ, ಲಾಟರಿ ಹೊಡೀತಾ?”

“ಡಾಕ್ಟರು ಪಥ್ಯ ಸಡಿಲ ಮಾಡಿದಾರೆ. ತಿನ್ನಿ.”

“ಹಾಗಾದ್ರೆ ಹುಷಾರಾಗ್ತಿದೀನಿ ಅನ್ನು.”

“ಮತ್ತೆ?” ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ಒಂದು ಮಧ್ಯಾಹ್ನ ಅವನು ಅವಳ ಕೈಹಿಡಿದು ಕೂರಿಸಿ, ಹಾಸಿಗೆಯಡಿಯಿಂದ ಗುಂಡಿ ಹಾಕಿಡುವ ಡಬ್ಬಿ ಎಳೆದ. ಅದರ ತುಂಬ ಮಾತ್ರೆಗಳು.

“ನಲವತ್ತೊಂದಿವೆ. ಔಷಧಿ ಅಂಗಡಿಯವನು ನಮ್ಮ ಹಳೇ ಪರಿಚಯ. ಅರ್ಧ ಬೆಲೆ ಕೊಟ್ರೂ ನಿನ್ನ ಕಣ್ಣಿನ ಆಪರೇಷನ್ ಆಗಿಹೋಗುತ್ತೆ.”

ಅವಳು ಡಬ್ಬಿಯ ಮುಚ್ಚಳ ಹಾಕಿ ಚೀಲಕ್ಕಿಳಿಸಿದಳು.

“ಬಯ್ಯಲ್ವಾ?”

“ಬಯ್ದು ಬಯ್ದು ಸಾಕಾಗಿದೆ,” ಎಂದು ಚೀಲ ಹೆಗಲಿಗೇರಿಸಿ ಹೊರಟಳು.

ಒಂದು ಗಂಟೆ ಬಿಟ್ಟು ಬಂದು ಅವನ ಅಂಗೈಯಲ್ಲಿ ನೋಟಿನ ಕಟ್ಟು ಇಟ್ಟಳು.

“ಎಲ್ಲಾ ತಗೊಂಡ್ನಾ?”

“ಒಂದೂ ಬಿಡದೆ. ಪೂರ್ತಿ ಬೆಲೆಗೆ.”

“ಚೌಕಾಸಿ ಮಾಡ್ದೆಯಾ?”

“ಯಾರ ಹೆಂಡತಿ ಅನ್ಕೊಂಡ್ರಿ?”

ಅವನು ಕೆಮ್ಮು ಬರುವವರೆಗೆ ನಕ್ಕ. ನೋಟುಗಳನ್ನು ಮತ್ತೆ ಅವಳ ಕೈಗಿಟ್ಟು ಬೆರಳು ಮಡಿಸಿ, “ಕಣ್ಣು ಮಾಡಿಸ್ಕೋ,” ಎಂದ. ಎಷ್ಟೋ ತಿಂಗಳ ಮೇಲೆ ನರಳದೆ ನಿದ್ದೆಹೋದ.

ಬೆಳಿಗ್ಗೆ ಏಳಲಿಲ್ಲ.

ಗೋಡೆಯಾಚೆಯಿಂದ ಅವರ ಜಗಳವನ್ನೆಲ್ಲ ಕೇಳಿಸಿಕೊಂಡಿದ್ದ ಪಕ್ಕದ ಮನೆಯಾಕೆ ಬಂದು ಅವಳನ್ನು ತಬ್ಬಿಕೊಂಡಳು. “ಹೊತ್ತುಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದ್ರೆ ಇನ್ನೊಂದಷ್ಟು ದಿನ ಇರ್ತಿದ್ರೇನೋ, ಅಕ್ಕ. ದುಡ್ಡಿನ ಮುಖ ನೋಡಿ ಜೀವ ಕಳ್ಕೊಂಡ್ರು.”

ಅವಳು ಹೌದೆಂದು ತಲೆಯಾಡಿಸಿದಳು.

ಇನ್ನು ಆ ಔಷಧದಿಂದ ಉಪಯೋಗವಿಲ್ಲ, ಬೇಕಾದ್ದು ತಿನ್ನಿಸಿ ಎಂದು ಡಾಕ್ಟರು ಅವಳೊಬ್ಬಳನ್ನೇ ಹೊರಗೆ ಕರೆದು ಹೇಳಿ ಮೂರು ತಿಂಗಳಾಗಿತ್ತು. ಅವನಿಗೆ ಆಸೆ ಬತ್ತದಿರಲೆಂದು ಅಂದಿನಿಂದ ಅವಳು ಸೀಸೆಗೆ ತುಂಬುತ್ತಿದ್ದದ್ದು ಚಿಲ್ಲರೆ ಕಾಸಿನ ಕ್ಯಾಲ್ಸಿಯಂ ಮಾತ್ರೆ, ಅವನ ಕೈಗಿಟ್ಟಿದ್ದು ಆ ಔಷಧ ಕೊಳ್ಳದೆ ಉಳಿದ ದುಡ್ಡು.