ಮುಂಜಾನೆ ಸಲಹಾ ಸೇವೆ

ಕಳ್ಳ ಒಳಗಿನವನೇ ಎಂದು ರಟ್ಟಿನ ಡಬ್ಬಿ ಕಾರ್ಖಾನೆಯ ಯಜಮಾನನಿಗೆ ಖಾತ್ರಿಯಾಯಿತು. ಎಂಟು ತಿಂಗಳಿಂದ ‘ಮುಂಜಾನೆ ಸಲಹಾ ಸೇವೆ’ ಎಂಬ ಖಾತೆಗೆ ಹಣ ಹೋಗುತ್ತಿದೆ. ಯಾವ ಸಲಹೆ, ಕೊಟ್ಟವರು ಯಾರು? ಊಹೂಂ! ಬಿಲ್ಲಿನಲ್ಲಿ ಇರುವುದು ಒಂದೇ ಸಾಲು: ಕೆಲಸ ಮಾಡಿದ ದಿನ ಇಪ್ಪತ್ತಾರು.

ಪ್ರತಿ ಬಿಲ್ಲಿನ ಕೆಳಗೂ ಅವನದೇ ಸಹಿ. ಅದು ಬೇರೆ ಮಾತು.

ಬಿಲ್ಲು ತೀರಿಸುವುದರಲ್ಲಿ ಅವನ ದಕ್ಷತೆ ಇಡೀ ಬೀದಿಗೆ ಗೊತ್ತು. ಗೊತ್ತಿಲ್ಲದವರಿಗೆ ಅವನೇ ಹೇಳುತ್ತಿದ್ದ. ನಂಬರು, ತಾರೀಖು, ಸೀಲು ಮೂರೂ ಇರುವ ಬಿಲ್ಲು ಬಾಗಿಲ ಪಕ್ಕದ ಪೆಟ್ಟಿಗೆಗೆ ಬಿತ್ತೋ, ಗಡುವಿನೊಳಗೆ ಹಣ. ಬಿಲ್ಲಿಲ್ಲದವನು ತಲೆ ಕೆಳಗಾಗಿ ನಿಂತರೂ ದಮ್ಮಡಿ ಇಲ್ಲ. ಹೋದ ವರ್ಷ ಹೆಂಡತಿ ಕನ್ನಡಕಕ್ಕೆ ಹಣ ಕೇಳಿದಾಗಲೂ, “ಬಿಲ್ ಎಲ್ಲಿ? ರೂಲ್ಸ್ ಅಂದ್ರೆ ಎಲ್ಲರಿಗೂ ರೂಲ್ಸೇ,” ಎಂದಿದ್ದ. ಪಾಪ, ಅವಳು ಹಳೇ ಕನ್ನಡಕವನ್ನೇ ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋಗಿದ್ದಳು.

ಬಿಲ್ಲನ್ನು ಓದುವುದೊಂದು ಆ ಪದ್ಧತಿಯಲ್ಲಿ ಇರಲಿಲ್ಲ. ಓದುತ್ತ ಕೂತರೆ ದಕ್ಷತೆ ಎಲ್ಲಿಂದ ಬರಬೇಕು?

ಲೆಕ್ಕ ಬರೆಯುತ್ತಿದ್ದವನು ಹೆಂಡತಿಯ ತಮ್ಮ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದುಕೊಂಡು ಯಜಮಾನ ಅವನನ್ನು ಕರೆದ. ಮೊದಲು ಕಣ್ಣಿಗೆ ಬಿದ್ದದ್ದು ಹೊಸ ಬೂಟು.

“ಬೂಟು ಜೋರಾಗಿದೆ?”

“ಅಕ್ಕ ಕೊಡಿಸಿದ್ಲು, ಭಾವ.”

“ನಾನು ಕೊಡದೆ ನಿಮ್ಮಕ್ಕನ ಹತ್ರ ಕಾಸು ಎಲ್ಲಿಂದ ಬಂತಯ್ಯಾ?” ಯಜಮಾನ ಬಿಲ್ಲುಗಳನ್ನು ಮೇಜಿಗೆ ಬಡಿದ. “ಈ ಸೇವೆ ಯಾರದು?”

“ದೇವರಾಣೆ ಗೊತ್ತಿಲ್ಲ. ಪೆಟ್ಟಿಗೇಲಿ ಬಂತು, ಸೀಲ್ ಇತ್ತು, ನೀವು ಸೈನ್ ಹಾಕಿದ್ರಿ.” ಅವನು ಬೆವರಿದ. “ಒಂದು ತಿಂಗಳು ಹನ್ನೆರಡೇ ದಿನ ಬರೆದಿದಾರೆ, ನೋಡಿ. ಕಳ್ಳರಾದ್ರೆ ಕಮ್ಮಿ ಯಾಕೆ ಹಾಕ್ತಾರೆ?”

ಆ ತಿಂಗಳು ಯಜಮಾನನಿಗೆ ಚೆನ್ನಾಗಿ ನೆನಪಿತ್ತು. ಗ್ರಹಚಾರವೆಲ್ಲ ಒಟ್ಟಿಗೇ ವಕ್ಕರಿಸಿತ್ತು: ಹೆಂಡತಿ ತಂಗಿಯ ಬಾಣಂತನಕ್ಕೆ ಹೋಗಿದ್ದಳು, ಊಟ ನೆಟ್ಟಗಿರಲಿಲ್ಲ, ಕರೆಂಟ್ ಬಿಲ್ಲಿಗೆ ದಂಡ ಬೇರೆ.

“ಮಂಗಳವಾರ ಹನ್ನೊಂದಕ್ಕೆ ಆ ಸೇವೆಯವರು ಖುದ್ದಾಗಿ ಬಂದು ಹಣ ತಗೊಳ್ಳಲಿ ಅಂತ ಪೆಟ್ಟಿಗೆ ಮೇಲೆ ಚೀಟಿ ಅಂಟಿಸು. ಬರ್ಲಿಲ್ವೋ, ನಿನ್ನ ಕೆಲಸ ಹೋಯ್ತು ಅಂತಲೇ ತಿಳ್ಕೋ.”

ಮಂಗಳವಾರ ತಿಂಡಿ ಬಡಿಸುತ್ತ ಹೆಂಡತಿ ಎಂದಿನಂತೆ ಶುರು ಮಾಡಿದಳು. “ರೀ, ಅಂಟಿನವರ ಬಿಲ್‌ಗೆ ನಾಳೆ ಕೊನೇ ದಿನ.”

“ಗೊತ್ತು ಕಣೆ! ದಿನಾ ಬೆಳಿಗ್ಗೆ ಇದೇ ಪುರಾಣ. ನಾನೇನು ಮರೀತೀನಾ?” ಎಂದು ಯಜಮಾನ ಅಂಗೈ ಮೇಲೆ ‘ಅಂಟು’ ಎಂದು ಬರೆದುಕೊಂಡ. “ಹನ್ನೊಂದು ಗಂಟೆಗೆ ನಿನ್ನ ತಮ್ಮನ ಬಂಡವಾಳ ಬಯಲಾಗತ್ತೆ, ನೋಡ್ತಿರು.”

“ಆಗ್ಲಿ ಬಿಡಿ. ಕೆಲಸ ಮಾಡಿ ಕಾಸು ತಗೊಂಡೋರಿಗೆ ಭಯ ಯಾಕೆ?”

ಹನ್ನೊಂದಾಯಿತು. ರಟ್ಟಿನವನು ಬಂದು ಹೋದ, ಲಾರಿಯವನು ಬಂದು ಹೋದ. ಸಲಹೆಯವರ ಸುಳಿವಿಲ್ಲ. ಕೆಲಸದಿಂದ ತೆಗೆದುಹಾಕುವ ಪತ್ರ ಮೇಜಿನ ಮೇಲೆ ಸಿದ್ಧವಾಗಿತ್ತು, ನಂಬರು, ತಾರೀಖು, ಸೀಲು ಸಮೇತ. ಇಬ್ಬರು ಮಕ್ಕಳ ತಂದೆಯಾದ ಭಾವಮೈದುನ ಹೊಸ ಬೂಟನ್ನೇ ನೋಡುತ್ತ ನಿಂತಿದ್ದ, ಕಣ್ಣು ತುಂಬಿತ್ತು. ಯಜಮಾನ ಪೆನ್ನಿನ ಮುಚ್ಚಳ ತೆಗೆದ.

ಬಾಗಿಲು ತೆರೆಯಿತು.

ಹೆಂಡತಿ ಒಳಗೆ ಬಂದು, ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, ಸೀಲನ್ನೂ ಬಿಲ್ಲನ್ನೂ ಗಂಡನ ಮುಂದಿಟ್ಟಳು: “ಬೆಳಿಗ್ಗೆ ಬೆಳಿಗ್ಗೆ ನೆನಪಿಸಿದ್ದು ಇಪ್ಪತ್ತಾರು ದಿನ, ರೀ. ಈ ಬಿಲ್‌ಗೆ ಇವತ್ತೇ ಕೊನೇ ದಿನ. ಇದನ್ನ ನೆನಪಿಸಿದ್ದು ಮಾತ್ರ ಪುಕ್ಕಟೆ.”