'ಆದರೆ' ರಾಯರ ಬೆಂಬಲ

"ಬಂದು ಕೂತಿದ್ದಾರೆ," ಎಂದ ಖಜಾಂಚಿ, ಬಾಗಿಲ ಸಂದಿಯಿಂದ ಸಭಾಂಗಣದೊಳಗೆ ಇಣುಕಿ. "ಎರಡನೇ ಸಾಲು, ನಡುವಿನ ಕುರ್ಚಿ. ನಿಮ್ಮ ಹೊಸ ಸೇವೆಯ ಕಥೆ ಮುಗೀತು ಅಂದ್ಕೊಳ್ಳಿ, ಮೇಡಂ."

ಯೋಜನಾಧಿಕಾರಿ ಕೈಲಿದ್ದ ಫೈಲನ್ನು ಮುಚ್ಚಿದಳು. ಯಾರೆಂದು ಕೇಳುವ ಅಗತ್ಯವಿರಲಿಲ್ಲ. 'ಆದರೆ' ರಾಯರು!

ಅದು ಅಂತರ್ಜಾಲ ವಿಳಾಸಗಳ ನೋಂದಣಿ ಸಂಘ. ನೆಟ್ ಸೇರುವ ಯಂತ್ರಗಳಿಗೆಲ್ಲ ಅಂಕಿಗಳ ವಿಳಾಸ ಬೇಕು. ಆ ವಿಳಾಸಗಳನ್ನು ಬ್ಲಾಕು ಬ್ಲಾಕಾಗಿ ಹಂಚುವುದು, ಯಾವುದು ಯಾರದೆಂದು ದಾಖಲಿಸಿಡುವುದು ಸಂಘದ ಕೆಲಸ. ನೆಟ್ ಕಂಪನಿಗಳೆಲ್ಲ ಅದರ ಸದಸ್ಯರು. ವರ್ಷಕ್ಕೊಮ್ಮೆ, ನೇಕಾರರದು, ಗೃಹ ನಿರ್ಮಾಣದವರದು, ನಿವೃತ್ತರದು ಎಂದು ಮಹಡಿಗೊಂದು ಸಂಘವಿದ್ದ ಆ ಹಳೇ ಕಟ್ಟಡದಲ್ಲಿ ಸೇರಿ, ಮುಂದಿನ ವರ್ಷದ ಬಜೆಟ್ಟಿಗೆ ಅವರು ಕೈ ಎತ್ತಬೇಕು. ಎತ್ತುವ ಮುನ್ನ ಎಲ್ಲರೂ ಒಮ್ಮೆ ಎರಡನೇ ಸಾಲಿನ ಕಡೆ ನೋಡುತ್ತಿದ್ದರು.

ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಛತ್ರಿ. ರಾಯರು ಹೆಚ್ಚು ಮಾತಾಡುವವರಲ್ಲ. ಸಂಘಕ್ಕೊಂದು ಮೊಬೈಲ್ ಆ್ಯಪ್ ಬೇಕೆಂದಾಗ ಅವರು ಎದ್ದು, "ಎಲ್ಲಾ ಸರಿ. ಆದರೆ, ವರ್ಷಗಟ್ಟಲೆ ಕಾಯ್ತಾ ಕೂತಿರೋರಿಗೆ ಮೊದಲು ಕೊಡ್ರಪ್ಪಾ," ಎಂದರು. ವಿಳಾಸಕ್ಕಾಗಿ ಕಾಯುತ್ತಿದ್ದವರೆಲ್ಲ ಮೇಜು ಕುಟ್ಟಿದರು. ಆ್ಯಪ್ ಅಲ್ಲೇ ಮಲಗಿತು. ಅದರ ಮುಂದಿನ ವರ್ಷ, "ಆದರೆ, ದೊಡ್ಡೋರಿಗೆ ಬ್ಲಾಕು ಬ್ಲಾಕೇ ಕೊಟ್ಟಿರಿ. ಚಿಕ್ಕೋರ ಗತಿ?" ಎಂದರು. ಅಧ್ಯಕ್ಷರ ವಿದೇಶ ಪ್ರವಾಸ ರದ್ದಾಯಿತು. "ದಾರಿಯೇ ಇಲ್ಲದ ಕಡೆ ವಿಳಾಸ ಕೊಟ್ಟು ಏನು ಉಪಯೋಗ?" ಎಂದು ಇನ್ನೊಮ್ಮೆ ಕೇಳಿದಾಗಲಂತೂ ಮುಖ್ಯ ಎಂಜಿನಿಯರ್ ಎದ್ದು ಕೈಮುಗಿದಿದ್ದ. "ನೆಟ್ಟಲ್ಲಿ ಡೇಟಾ ಹೋಗೋ ದಾರಿ ಬಗ್ಗೆ ನಾನು ಆರು ವರ್ಷ ಓದಿದ್ದನ್ನ ಒಂದೇ ಮಾತಲ್ಲಿ ಹೇಳಿಬಿಟ್ಟರಲ್ರೀ!"

ಹೊಸಬರ್ಯಾರಾದರೂ ಇವರು ಯಾರೆಂದು ವಿಚಾರಿಸಿದರೆ, "ರಾಯರು ಕಣ್ರೀ, ಅಷ್ಟೂ ಗೊತ್ತಿಲ್ವಾ?" ಎಂಬುದೇ ಉತ್ತರ. ಕೇಳಿದವರು ನಾಚಿ ಸುಮ್ಮನಾಗುತ್ತಿದ್ದರು.

ಈ ಸಲದ ಹೊಸ ಸೇವೆ ಯೋಜನಾಧಿಕಾರಿಯ ಕೂಸು. ಹಿಂದಿನ ವರ್ಷ ಯಾರೋ ಠಕ್ಕ ಖೋಟಾ ಪತ್ರ ತೋರಿಸಿ, ಸಣ್ಣ ಕಂಪನಿಯೊಂದರ ವಿಳಾಸಗಳು ತನ್ನವೆಂದು ಬರೆಸಿಕೊಂಡಿದ್ದ. ಆ ಕಂಪನಿಯನ್ನು ನಂಬಿದ್ದ ಹೆರಿಗೆ ಆಸ್ಪತ್ರೆಯ ನೆಟ್ಟು, ಫೋನು ಎರಡು ದಿನ ಸತ್ತು ಬಿದ್ದಿದ್ದವು. ನರ್ಸೊಬ್ಬಳು ತನ್ನ ಮೊಬೈಲಿನಿಂದ ಕರೆ ಮಾಡಿ, "ಡಾಕ್ಟರ ನಂಬರೆಲ್ಲ ನೆಟ್ಟಲ್ಲೇ ಇದೆ, ಅವರನ್ನ ಕರೆಸೋದು ಹೇಗಮ್ಮಾ?" ಎಂದು ಅತ್ತಿದ್ದಳು. ಆ ಅಳು ಇವಳ ಕಿವಿಯಿಂದ ಇನ್ನೂ ಇಳಿದಿರಲಿಲ್ಲ. ವಿಳಾಸ ತಮ್ಮದೆನ್ನುವವರು ನಿಜಕ್ಕೂ ಅವರೇ ಹೌದೇ ಎಂದು ಮನೆಬಾಗಿಲಿಗೆ ಹೋಗಿ ಪರಿಶೀಲಿಸುವ ನಾಲ್ಕು ಜನರ ಒಂದು ತಂಡ. ಅವಳು ಕೇಳಿದ್ದು ಇಷ್ಟೇ.

"ಹಾಸಿಗೆ ಇದ್ದಷ್ಟು ಕಾಲು ಚಾಚಿ, ಮೇಡಂ," ಎಂದಿದ್ದ ಖಜಾಂಚಿ.

"ಹಾಸಿಗೇನೇ ಕಳ್ಳ ಹೊತ್ಕೊಂಡು ಹೋದ ಮೇಲೆ ಕಾಲು ಎಲ್ಲಿ ಚಾಚಲಿ ಸಾರ್?"

ಚಹಾದ ವಿರಾಮದಲ್ಲಿ ಅವಳು ಎರಡು ಲೋಟ ಹಿಡಿದು ನೇರ ರಾಯರ ಬಳಿಗೇ ಹೋದಳು. ಮುಳುಗುವವಳಿಗೆ ಚಳಿಯೇನು, ಮಳೆಯೇನು?

"ಸರ್, ನೀವು ಹಿರಿಯರು. ಒಂದು ಮಾತು."

"ಹೇಳಮ್ಮಾ."

"ಒಬ್ಬರ ವಿಳಾಸವನ್ನ ಇನ್ನೊಬ್ಬರು ಸುಳ್ಳು ಕಾಗದ ತೋರಿಸಿ ಹೊಡ್ಕೊಳ್ತಿದ್ದಾರೆ ಸರ್."

ರಾಯರು ಲೋಟವನ್ನು ಬಾಯಿಂದ ಇಳಿಸಿದರು. "ಹಾಗೂ ಉಂಟಾ?"

"ಖಾಲಿ ಬಿದ್ದಿದ್ರಂತೂ ಮುಗೀತು. ಬಳಸದೆ ಬಿಟ್ಟಿದ್ದನ್ನೇ ಹುಡುಕಿ ಹುಡುಕಿ ನುಂಗ್ತಾರೆ."

"ಖಾಲಿ ಬಿದ್ದಿದ್ರೆ..." ರಾಯರು ಕಿಟಕಿ ಕಟ್ಟೆಯ ಮೇಲೆ ಕೂತೇಬಿಟ್ಟರು. "ನಮ್ಮ ಮನೆಯವಳೂ ಇದನ್ನೇ ಹೇಳ್ತಾಳೆ. ಬೇಲಿ ಇಲ್ಲದಿದ್ರೆ ಯಾರು ಬೇಕಾದ್ರೂ ನುಗ್ತಾರೆ ಅಂತ."

"ಅವರೂ ಇದೇ ಕ್ಷೇತ್ರದವರಾ ಸರ್?"

"ಇದಕ್ಕೋಸ್ಕರ ಕೈಬಳೆ ಮಾರಿದೋಳು ಅವಳೇ, ತಾಯಿ."

ಅವಳ ಕಣ್ಣು ಒದ್ದೆಯಾಯಿತು. ಬಳೆ ಮಾರಿ ಕಂಪನಿ ಕಟ್ಟಿದ ದಂಪತಿ! ಇಂಥವರಿಗೆ ತಾನು ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ನಾಚಿಕೆಯಾಯಿತು.

ಸಭೆ ಮತ್ತೆ ಕೂಡಿತು. ಖಜಾಂಚಿ ಎದ್ದು, ತಂಡದ ಸಂಬಳ, ಓಡಾಟದ ಖರ್ಚು, ಏರಲಿರುವ ಸದಸ್ಯ ಶುಲ್ಕ ಎಲ್ಲವನ್ನೂ ಸಾವಿನ ಸುದ್ದಿಯಂತೆ ಓದಿದ. "ನಮ್ಮ ಸದಸ್ಯರು ನಮಗೇ ಗೊತ್ತಿಲ್ವಾ? ಪರಸ್ಪರ ಅನುಮಾನ ಪಡೋದಾ?" ಎಂದು ಮುಗಿಸಿದ. ತಲೆಗಳು ತೂಗಿದವು. ಅವಳ ಕೂಸು ಕಣ್ಣೆದುರೇ ಕಣ್ಣು ಮುಚ್ಚತೊಡಗಿತು.

ಆಗ ಎರಡನೇ ಸಾಲಿನಲ್ಲಿ ಛತ್ರಿ ಊರಿದ ಸದ್ದಾಯಿತು. ರಾಯರು ಎದ್ದರು.

"ಖಜಾಂಚಿಯವರು ಹೇಳಿದ್ದು ಎಲ್ಲಾ ಸರಿ," ಎಂದರು.

ಖಜಾಂಚಿ ಮುಗುಳ್ನಕ್ಕ. ಅವಳು ಕಣ್ಣು ಮುಚ್ಚಿದಳು.

"ಆದರೆ," ಎಂದರು ರಾಯರು, "ನಾವು ಕಷ್ಟಪಟ್ಟು ತಗೊಂಡಿದ್ದನ್ನ ನಾಳೆ ಯಾವನೋ ನಂದು ಅಂದ್ರೆ, ಆಗ ಈ ಉಳಿಸಿದ ದುಡ್ಡನ್ನ ತಲೆಗೆ ಕಟ್ಕೊಳ್ತೀರಾ? ಕಾವಲು ಬೇಕು. ಇವತ್ತೇ ಬೇಕು."

ಚಪ್ಪಾಳೆಗೆ ಕಿಟಕಿ ಗಾಜು ನಡುಗಿತು. ಕೈಗಳು ಕಾಡಿನಂತೆ ಎದ್ದವು. ಸುತ್ತ ಒಮ್ಮೆ ನೋಡಿ ಖಜಾಂಚಿಯೂ ತನ್ನ ಕೈಯನ್ನು ಮೆಲ್ಲಗೆ ಮೇಲೆತ್ತಿದ, ತಲೆ ಕೆರೆದುಕೊಳ್ಳುವವನಂತೆ.

ಅವಳು ಜನರನ್ನು ತಳ್ಳಿಕೊಂಡು ಓಡಿ, ಮೆಟ್ಟಿಲ ಬಳಿ ರಾಯರನ್ನು ಹಿಡಿದಳು. "ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯೋಲ್ಲ ಸರ್. ಹೊಸ ತಂಡ ಮೊದಲು ಬರೋದು ನಿಮ್ಮಲ್ಲಿಗೇ. ನಿಮಗೇನಾದ್ರೂ ಆಗಬೇಕಿದ್ರೆ ಸಂಕೋಚ ಬೇಡ, ಹೇಳಿ."

ರಾಯರು ಅತ್ತಿತ್ತ ನೋಡಿದರು. ದನಿ ತಗ್ಗಿಸಿದರು.

"ಇಷ್ಟು ವರ್ಷ ನಾಲ್ಕು ಜನರ ಎದುರು ಕೇಳೋಕೆ ನಾಚಿಕೆ ಆಗ್ತಿತ್ತಮ್ಮಾ. ನನ್ನ ಸೈಟು ಯಾವ ರಸ್ತೇಲಿ ಬರುತ್ತೆ ಅಂತ ಒಂಚೂರು ಹೇಳ್ತೀಯಾ? ಅಡುಗೆಮನೆ ಕಿಟಕಿ ರಸ್ತೆ ಕಡೆಗೇ ಇರಬೇಕು ಅಂತ ನಮ್ಮ ಮನೆಯವಳು ಹಟ ಹಿಡಿದಿದ್ದಾಳೆ, ಪಾಯ ತೋಡಿಸಬೇಕು."